ದೊಡ್ಡ ಬ್ಯಾಟರಿಯ ಭಯ, ಸಣ್ಣ ಜಾಲರಿಯ ಲೆಕ್ಕ

ಹೈಬ್ರಿಡ್ ಕಾರು ಕೊಳ್ಳಬೇಕೆಂದಿರುವವರ ಮನೆಯಲ್ಲಿ ಮೈಲೇಜಿನ ಮಾತು ಬೇಗ ಮುಗಿಯುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆ ಮಾತ್ರ ಮುಗಿಯುವುದಿಲ್ಲ: ಬ್ಯಾಟರಿ ಹೋದರೆ ಗತಿಯೇನು? ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕವಿದೆ. ಮೇ ತಿಂಗಳ ಸೆಕೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆ, ವರ್ಷವಿಡೀ ಕಬ್ಬಿಣ ತಿನ್ನುವ ಉಪ್ಪು ಗಾಳಿ. ಕಿಟಕಿಯ ಸರಳನ್ನೇ ನೆಮ್ಮದಿಯಾಗಿರಲು ಬಿಡದ ಈ ಹವೆಯಲ್ಲಿ ಅಷ್ಟು ದುಬಾರಿ ಬ್ಯಾಟರಿ ಎಷ್ಟು ಕಾಲ ಬಾಳೀತು ಎಂಬ ಅನುಮಾನ ಸಹಜವೇ. ಆದರೆ ಈ ಅನುಮಾನ ಜನರನ್ನು ಎರಡು ತಪ್ಪು ದಾರಿಗೆ ಹಚ್ಚುತ್ತದೆ. ಕೆಲವರು ಬ್ಯಾಟರಿಯ ಹಣೆಬರಹ ತಮ್ಮ ಕೈಯಲ್ಲಿಲ್ಲವೆಂದು ಸುಮ್ಮನೆ ಕೂರುತ್ತಾರೆ. ಕೆಲವರು ಯಾರೋ ಹೇಳಿದ ಬ್ಯಾಟರಿ ಟ್ರೀಟ್‌ಮೆಂಟಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ದೊಡ್ಡ ಬ್ಯಾಟರಿಯನ್ನು ಉಳಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಆ ಬ್ಯಾಟರಿಯನ್ನು ಮುಟ್ಟದೆ ಆಗುವಂಥದ್ದು, ಅದಕ್ಕೆ ತಗಲುವ ಖರ್ಚು ವರ್ಷಕ್ಕೆ ನೂರರ ಲೆಕ್ಕದಲ್ಲಿ ಅಥವಾ ಹೆಚ್ಚೆಂದರೆ ಸಾವಿರದ ಆಸುಪಾಸಿನಲ್ಲಿ ಇರಬೇಕು, ಅದಕ್ಕಿಂತ ಬಹಳ ಮೇಲೆ ಹೋದರೆ ಅದು ಕಾರಿನ ಹಿತಕ್ಕಲ್ಲ ಎಂಬುದು ನನ್ನ ವಾದ.

ಮೊದಲು ಯಾವ ಬ್ಯಾಟರಿಯ ಮಾತು ಎಂಬುದು ಸ್ಪಷ್ಟವಾಗಲಿ. ಮನೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜ್ ಮಾಡುವ ಎಲೆಕ್ಟ್ರಿಕ್ ಕಾರನ್ನು ಇಲ್ಲಿ ಬದಿಗಿಡೋಣ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಮೋಟಾರೂ ಇರುವ, ಬ್ರೇಕ್ ಒತ್ತಿದಾಗಲೂ ಎಂಜಿನ್ ಓಡುವಾಗಲೂ ತಾನೇ ಚಾರ್ಜ್ ಆಗುವ 'ಸ್ಟ್ರಾಂಗ್ ಹೈಬ್ರಿಡ್' ಇಲ್ಲಿಯ ವಿಷಯ. ಟೊಯೋಟಾ ಕಂಪನಿ ಪ್ರಿಯಸ್ ಕಾರನ್ನು 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟಲ್ಲಿಂದ ಈ ಕಥೆ ಶುರು. ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಅರ್ಬನ್ ಕ್ರೂಸರ್ ಹೈರೈಡರ್, ಅದರ ಅವಳಿಯಾದ ಮಾರುತಿಯ ಗ್ರ್ಯಾಂಡ್ ವಿಟಾರಾ, ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಅಲ್ಲಿಂದಲೇ ಹೊರಬಂದವು. ಅದೇ ವರ್ಷ ಹೋಂಡಾ ಸಿಟಿಯ ಹೈಬ್ರಿಡ್ ಕೂಡ ಬಂತು. ಇನ್ನೋವಾ ಎಂದರೆ ಮುರ್ಡೇಶ್ವರ, ಗೋಕರ್ಣದ ಪ್ರವಾಸಿಗರಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲರಿಗೂ ಪರಿಚಯದ ಹೆಸರು. ಹೀಗಾಗಿ ಹೈಬ್ರಿಡ್ ಈಗ ಬೆಂಗಳೂರಿನ ಸಿರಿವಂತರ ಷೋಕಿಯಾಗಿ ಉಳಿದಿಲ್ಲ, ಕರಾವಳಿಯ ದುಡಿಯುವ ಬಂಡಿಯಾಗಿದೆ. ಮತ್ತು ಇಲ್ಲಿನ ಬಹುಪಾಲು ಹೈಬ್ರಿಡ್‌ಗಳು 2022ರ ಈಚಿನವು. ಅವುಗಳ ಬ್ಯಾಟರಿ ಹಳತಾಗುವ ಕಾಲ ಇನ್ನು ಮುಂದೆ ಬರಬೇಕಷ್ಟೆ.

ಈ ಬ್ಯಾಟರಿ ಗಾತ್ರದಲ್ಲಿ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಹೈರೈಡರ್‌ನ ಲಿಥಿಯಂ ಅಯಾನ್ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವಾಟ್ ಅವರ್. ಹೆಸ್ಕಾಂ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಮುಕ್ಕಾಲು ಯೂನಿಟ್. ಹೈಕ್ರಾಸ್‌ನಲ್ಲಿ ಇನ್ನೊಂದು ಬಗೆಯದಿದೆ, ನಿಕಲ್ ಮೆಟಲ್ ಹೈಡ್ರೈಡ್, 168 ಸೆಲ್‌ಗಳದ್ದು. ಎರಡರ ಕೆಲಸವೂ ಒಂದೇ: ಬ್ರೇಕಿನಲ್ಲಿ ಬಂದ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮರುಕ್ಷಣ ಮೋಟಾರಿಗೆ ಕೊಡುವುದು. ಬ್ಯಾಟರಿ ಹೋದರೆ ಬರೀ ಪೆಟ್ರೋಲಿನಲ್ಲಿ ಓಡಿಸಿದರಾಯಿತು ಎಂದುಕೊಂಡವರೂ ಇದ್ದಾರೆ. ಹಾಗಾಗುವುದಿಲ್ಲ. ಟೊಯೋಟಾ ಮಾದರಿಯ ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸಲು ಬೇರೆ ಸ್ಟಾರ್ಟರ್ ಇಲ್ಲ. ಆ ಕೆಲಸವೂ ಹೈಬ್ರಿಡ್ ಮೋಟಾರಿನದೇ, ಅದಕ್ಕೆ ಕರೆಂಟು ಈ ಬ್ಯಾಟರಿಯಿಂದಲೇ ಬರಬೇಕು. ಇದು ಸತ್ತರೆ ಕಾರು ನಿಂತಲ್ಲೇ. ಸಾಮಾನ್ಯ ಕಾರಿನಂತೆ ಹಗ್ಗ ಕಟ್ಟಿ ಎಳೆಯುವಂತೆಯೂ ಇಲ್ಲ, ಮುಂದಿನ ಚಕ್ರ ನೆಲಕ್ಕೆ ತಾಗದಂತೆ ಲಾರಿಯ ಮೇಲೇರಿಸಿ ಒಯ್ಯಬೇಕು. ಅದೂ ಮಳೆಗಾಲದಲ್ಲಿ, ಗುಡ್ಡ ಕುಸಿದು ಹೆದ್ದಾರಿ ಬಂದ್ ಆದ ದಿನವಾದರೆ ಲಾರಿ ಬರುವುದು ಯಾವಾಗ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದ ಮೇಲೆ ಉತ್ತರ ಕನ್ನಡದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಬ್ಯಾಟರಿ ಕೆಟ್ಟರೆ ಆಗುವ ನಷ್ಟದ ಲೆಕ್ಕದಲ್ಲಿ ಹೊಸ ಬ್ಯಾಟರಿಯ ಬೆಲೆ ಮಾತ್ರ ಇಲ್ಲ, ಕೆಲಸ ತಪ್ಪಿದ ದಿನಗಳೂ ಇವೆ.

ಇನ್ನು ಅದು ಕೆಡುವುದು ಹೇಗೆ? ಯಾವ ಬ್ಯಾಟರಿಯೂ ಎರಡು ರೀತಿಯಲ್ಲಿ ಮುದಿಯಾಗುತ್ತದೆ: ಬಳಸಿದ್ದಕ್ಕೆ ಸವೆದು, ಸುಮ್ಮನೆ ಕಾಲ ಕಳೆದು. ಎರಡನ್ನೂ ಬೇಗಬೇಗ ಓಡಿಸುವುದು ಬಿಸಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮುದಿಯಾಗುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದವರ ಸ್ಥೂಲ ಸೂತ್ರ. ಎಲ್ಲ ಸೆಲ್‌ಗಳೂ ಒಂದರ ಬಾಲಕ್ಕೆ ಇನ್ನೊಂದರಂತೆ ಸಾಲಾಗಿ ಜೋಡಿಸಿಕೊಂಡಿರುವುದರಿಂದ ಇಡೀ ಬ್ಯಾಟರಿಯ ತಾಕತ್ತು ಅದರಲ್ಲಿನ ಅತಿ ದುರ್ಬಲ ಸೆಲ್‌ನ ತಾಕತ್ತಿಗೆ ಇಳಿಯುತ್ತದೆ. ನಡುವಿನ ಸೆಲ್‌ಗಳಿಗೆ ಗಾಳಿ ಕಡಿಮೆ, ಅವು ಅಂಚಿನವುಗಳಿಗಿಂತ ಬಿಸಿ, ಅವೇ ಮೊದಲು ಸೋಲುತ್ತವೆ. ಆಗ ಉಳಿದವೆಲ್ಲ ಗಟ್ಟಿಯಾಗಿದ್ದರೂ ಡ್ಯಾಷ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಇದನ್ನು ತಡೆಯಲೆಂದೇ ತಯಾರಕರು ಬ್ಯಾಟರಿಗೊಂದು ಫ್ಯಾನು ಇಟ್ಟಿದ್ದಾರೆ. ಅದು ಎಳೆದುಕೊಳ್ಳುವುದು ಹೊರಗಿನ ಗಾಳಿಯನ್ನಲ್ಲ, ನಾವು ಕೂರುವ ಕ್ಯಾಬಿನ್ನಿನ ಗಾಳಿಯನ್ನು. ಮಾದರಿಗೆ ತಕ್ಕಂತೆ ಹಿಂದಿನ ಸೀಟಿನ ಬದಿಯಲ್ಲೋ ಸೀಟಿನ ಅಡಿಯಲ್ಲೋ ಅಂಗೈಯಗಲದ ಒಂದು ಜಾಲರಿ ಇರುತ್ತದೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಅದರ ಚಿತ್ರವೂ, ಅದನ್ನು ಶುಚಿಮಾಡುವ ಕ್ರಮವೂ ಇವೆ. ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲ ಸಮೇತ ಕಪಾಟಿನಲ್ಲಿಡುವುದು ನಮ್ಮ ರೂಢಿಯಾದ್ದರಿಂದ ಬಹಳಷ್ಟು ಮಾಲೀಕರಿಗೆ ಆ ಜಾಲರಿ ಇರುವುದೇ ಗೊತ್ತಿಲ್ಲ.

ಈ ಜಾಲರಿಯ ಮಟ್ಟಿಗೆ ನಮ್ಮ ಮೂರೂ ಊರು ಒಳ್ಳೆಯ ನೆರೆಯಲ್ಲ. ಮುರ್ಡೇಶ್ವರ, ಗೋಕರ್ಣ, ಕಾಸರಕೋಡಿನ ಕಡಲತೀರದಿಂದ ಹತ್ತಿದವರ ಚಪ್ಪಲಿಯಲ್ಲಿ ಉಪ್ಪು ಮರಳು ಬರುತ್ತದೆ. ಬೇಸಿಗೆಯಲ್ಲಿ ಚಿರೆಕಲ್ಲಿನ ಕೆಂಧೂಳು, ಹೆದ್ದಾರಿ 66ರ ಅಗಲೀಕರಣ ವರ್ಷಗಟ್ಟಲೆ ಎಬ್ಬಿಸಿದ ದೂಳು ಬೇರೆ. ಇದು ಜಾಲರಿಯ ಮೇಲೆ ಕೂತು ಮಳೆಗಾಲದ ತೇವಕ್ಕೆ ಕೆಸರಿನ ಲೇಪವಾಗುತ್ತದೆ. ಇದಕ್ಕೆ ನಾವೇ ಸೇರಿಸುವ ಅಪಚಾರವೂ ಇದೆ. ಹೊಸ ಕಾರು ಬಂದ ವಾರದಲ್ಲೇ ಸೀಟ್ ಕವರ್ ಅಂಗಡಿಗೆ ಹೋಗಿ ದಪ್ಪ ರೆಕ್ಸಿನ್ ಹೊದಿಸಿ, ಅಂಚಿನಿಂದ ಅಂಚಿಗೆ ಮ್ಯಾಟ್ ಹಾಸುತ್ತೇವೆ. ಕೆಲವೊಮ್ಮೆ ಜಾಲರಿಯ ಬಾಯಿ ಅದರಡಿ ಮುಚ್ಚಿಹೋಗುತ್ತದೆ. ಮುಚ್ಚದೆ ಉಳಿದದ್ದಕ್ಕೆ ತೆಂಗಿನಕಾಯಿ ಚೀಲವೋ ಮದುವೆಯ ಬ್ಯಾಗೋ ಅಡ್ಡ ಬರುತ್ತದೆ. ಗಾಳಿ ಸಾಲದ ಫ್ಯಾನು ಜೋರಾಗಿ ತಿರುಗತೊಡಗುತ್ತದೆ. ಸೀಟಿನ ಕೆಳಗಿಂದ ಬರುವ ಆ ಗುಂಯ್ ಸದ್ದು ಬ್ಯಾಟರಿಯ ಮೊದಲ ದೂರು. ಜಾಲರಿಯನ್ನು ಬಿಚ್ಚಿ, ಸಣ್ಣ ವ್ಯಾಕ್ಯೂಮ್ ಹಿಡಿದು, ಮತ್ತೆ ಕೂರಿಸಲು ಅರ್ಧ ಗಂಟೆಯೂ ಬೇಡ. ಫ್ಯಾನಿನ ರೆಕ್ಕೆಗಳಿಗೇ ಮಣ್ಣು ಮೆತ್ತಿದ್ದರೆ ಸರ್ವಿಸ್ ಸೆಂಟರಿನವರೇ ತೆಗೆಯಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿಂದ ಮುಂದೆ ಮನೆಯವರ ಕೈ ಹೋಗಬಾರದು. ಅದರೊಳಗೆ ಇರುವುದು ನೂರಾರು ವೋಲ್ಟಿನ ಡಿಸಿ ಕರೆಂಟು, ಅದಕ್ಕೆ ಸಲಿಗೆ ಇಲ್ಲ.

ಬಿಸಿಯದು ಎಲ್ಲ ಊರಿನ ಕಥೆ. ಕರಾವಳಿಯ ಸ್ವಂತ ಶತ್ರು ತೇವ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಪಟ್ಟಿಯಲ್ಲಿ ಜುಲೈ ತಿಂಗಳ ಕಾರಿನೊಳಗೆ ಒದ್ದೆ ಕೊಡೆ, ಒದ್ದೆ ಚಪ್ಪಲಿ, ಒಣಗದ ಮ್ಯಾಟು. ಫ್ಯಾನು ಇದೇ ಗಾಳಿಯನ್ನು ಬ್ಯಾಟರಿಯ ಮೈಮೇಲೆ ಹಾಯಿಸುತ್ತದೆ. ಸೆಲ್‌ಗಳನ್ನು ಒಂದಕ್ಕೊಂದು ಕೂಡಿಸುವ ತಾಮ್ರದ ಪಟ್ಟಿಗಳಿಗೂ ವೋಲ್ಟೇಜ್ ಅಳೆಯುವ ಸಪೂರ ತಂತಿಗಳಿಗೂ ಕಿಲುಬು ಹಿಡಿಯುವುದು ಹಳೆಯ ಹೈಬ್ರಿಡ್‌ಗಳಲ್ಲಿ ಮೆಕ್ಯಾನಿಕ್‌ಗಳು ಲೋಕದೆಲ್ಲೆಡೆ ಕಂಡಿರುವ ಸಂಗತಿ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹಣ ಅನ್ಯಾಯವಾಗಿ ಪೋಲಾಗುವುದು ಇಲ್ಲೇ. ಪಟ್ಟಿಗೆ ಕಿಲುಬು ಹಿಡಿದರೆ ಅಲ್ಲಿ ಕರೆಂಟಿಗೆ ತಡೆ ಹೆಚ್ಚುತ್ತದೆ, ಕಂಪ್ಯೂಟರಿಗೆ ಆ ಜಾಗದ ವೋಲ್ಟೇಜ್ ತಪ್ಪಾಗಿ ಕಾಣುತ್ತದೆ, ಸೆಲ್ ಸರಿಯಾಗಿದ್ದರೂ ಸೆಲ್ ಕೆಟ್ಟಿದೆಯೆಂದು ಅದು ತೀರ್ಪು ಕೊಡುತ್ತದೆ. ಅವಸರದ ತಂತ್ರಜ್ಞ ಕೋಡ್ ಓದಿ ಇಡೀ ಬ್ಯಾಟರಿ ಬದಲಿಸಿ ಅನ್ನುತ್ತಾನೆ. ಬಿಚ್ಚಿ ನೋಡಿ, ಪಟ್ಟಿ ಉಜ್ಜಿ ಅಥವಾ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಲಕ್ಷದ ಮಾತಾಗುತ್ತದೆ. ಒಳನಾಡಿನ ಕಾರಿಗೆ ಬೇಕಾಗದ, ಆದರೆ ಕಡಲ ದಂಡೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿಗೆ ಏಳೆಂಟನೆಯ ವರ್ಷದಲ್ಲಿ ಒಮ್ಮೆ ಮಾಡಿಸಬಹುದಾದ ಖರ್ಚು ಇದೊಂದೇ: ತರಬೇತಿ ಪಡೆದವರಿಂದ ಬ್ಯಾಟರಿಯ ಸಂಪರ್ಕ ಪಟ್ಟಿಗಳ ತಪಾಸಣೆ. ವಾರಂಟಿ ಮುಗಿಯುವ ಮೊದಲೇ ಅದನ್ನು ಅಧಿಕೃತ ಕೇಂದ್ರದಲ್ಲಿ ಕೇಳುವುದು ಜಾಣತನ. ಉಳಿದಂತೆ ತೇವಕ್ಕೆ ಮದ್ದು ಎಸಿ. ಎಸಿ ಗಾಳಿ ತಂಪಷ್ಟೇ ಅಲ್ಲ, ಒಣದೂ ಹೌದು. ಪೆಟ್ರೋಲ್ ಉಳಿಸಲೆಂದು ಕಿಟಕಿ ಇಳಿಸಿ ಓಡಿಸುವವರು ಉಳಿಸುವುದು ಅತ್ಯಲ್ಪ, ಬ್ಯಾಟರಿಗೆ ಕುಡಿಸುವುದು ಉಪ್ಪು ಗಾಳಿ.

ಇನ್ನು ಸಣ್ಣ ಬ್ಯಾಟರಿಯ ವಿಚಾರ. ಪ್ರತಿ ಹೈಬ್ರಿಡ್‌ನಲ್ಲೂ ಸಾಮಾನ್ಯ ಕಾರಿನಂಥದೇ 12 ವೋಲ್ಟಿನ ಇನ್ನೊಂದು ಬ್ಯಾಟರಿ ಇದೆ. ಅದು ಎಂಜಿನ್ ತಿರುಗಿಸುವುದಿಲ್ಲ. ಕಂಪ್ಯೂಟರುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯ ದಾರಿ ತೆರೆಯುವ ಸ್ವಿಚ್ಚುಗಳನ್ನು ಒತ್ತುತ್ತದೆ. ಅದು ಸೊರಗಿದರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ, ಡ್ಯಾಷ್‌ಬೋರ್ಡಿನಲ್ಲಿ ಹತ್ತೆಂಟು ದೀಪ ಒಟ್ಟಿಗೆ ಮಿನುಗಿ ಹೈಬ್ರಿಡ್ ಬ್ಯಾಟರಿಯೇ ಹೋಯಿತೆಂದು ಮಾಲೀಕನ ಎದೆ ಒಡೆಯುತ್ತದೆ. ಭಟ್ಕಳದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಇಲ್ಲಿನ ಎಷ್ಟೋ ಮನೆಗಳ ದುಡಿಮೆ ದುಬೈ, ಸೌದಿಯ ಕಡೆ. ರಜೆಗೆ ಬಂದಾಗ ಓಡಿಸಲೆಂದು ತೆಗೆದ ಕಾರು ಉಳಿದ ತಿಂಗಳು ಅಂಗಳದಲ್ಲಿ ಕವರ್ ಹೊದ್ದು ಮಲಗಿರುತ್ತದೆ. ನಿಂತ ಕಾರಿನಲ್ಲಿ ಸಣ್ಣ ಬ್ಯಾಟರಿ ವಾರಗಳಲ್ಲಿ ಇಳಿಯುತ್ತದೆ, ದೊಡ್ಡದು ತಿಂಗಳುಗಳಲ್ಲಿ. ಹೊದಿಕೆಯಡಿಯ ಬೆಚ್ಚನೆಯ ಜಾಗದಲ್ಲಿ ಇಲಿ, ಹೆಗ್ಗಣ ಸಂಸಾರ ಹೂಡಿದರೆ ತಂತಿಗಳ ಕಥೆ ಮುಗಿದಂತೆ. ಕೆಲವು ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಅಥವಾ 16 ಕಿಲೋಮೀಟರ್ ಓಡಿಸಿ ಎಂದು ಟೊಯೋಟಾದ ಹೈಬ್ರಿಡ್ ಕೈಪಿಡಿಗಳು ಹೇಳುತ್ತವೆ. ದೊಡ್ಡ ಬ್ಯಾಟರಿಗೆ ಅಷ್ಟು ಸಾಕು. ಸಣ್ಣದಕ್ಕಾಗಿ ಎರಡು ವಾರಕ್ಕೊಮ್ಮೆ ಮುರ್ಡೇಶ್ವರದವರೆಗೆ ಹೋಗಿಬರುವುದು ಮೇಲು. ಅದೇ ದುಬೈಯಲ್ಲಿ ಏನಾಗಿದೆ ನೋಡಿ. ಅಲ್ಲಿನ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರ 2008ರಲ್ಲೇ ಹೈಬ್ರಿಡ್ ಟ್ಯಾಕ್ಸಿಗಳ ಪ್ರಯೋಗ ಶುರುಮಾಡಿತು, ಇಂದು ಆ ಊರಿನ ಟ್ಯಾಕ್ಸಿಗಳಲ್ಲಿ ಹೆಚ್ಚಿನವು ಹೈಬ್ರಿಡ್. ಮರುಭೂಮಿಯ ಬಿಸಿಲಿನಲ್ಲೂ ಆ ವ್ಯವಸ್ಥೆ ನಡೆಯುತ್ತಿರುವುದು ಕಾರುಗಳು ದಿನವಿಡೀ ಓಡುವುದರಿಂದ, ಒಳಗೆ ಎಸಿ ನಿಲ್ಲದಿರುವುದರಿಂದ, ಸರ್ವಿಸ್ ತಪ್ಪದಿರುವುದರಿಂದ. ದುಡಿಯುವ ಬ್ಯಾಟರಿಗಿಂತ ಮಲಗಿದ ಬ್ಯಾಟರಿಗೆ ಅಪಾಯ ಹೆಚ್ಚು. ಮಾಲೀಕ ದುಬೈಯಲ್ಲಿ ಹತ್ತುವ ಟ್ಯಾಕ್ಸಿಯ ಆರೋಗ್ಯ ಊರಿನಲ್ಲಿರುವ ಅವನದೇ ಕಾರಿಗೆ ಇಲ್ಲದಿರುವುದು ಹವೆಯ ತಪ್ಪಲ್ಲ.

ನೆರೆಯ ಮಾತನ್ನೂ ಬಿಡುವಂತಿಲ್ಲ. 2022ರ ಆಗಸ್ಟ್ ಮೊದಲ ವಾರದ ಮಳೆಗೆ ಭಟ್ಕಳದ ರಸ್ತೆಗಳು ಹೊಳೆಯಾಗಿದ್ದವು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡಿದ್ದರು. ಅಂಥ ದಿನ ಕಾರಿನ ಚಿಂತೆ ಕೊನೆಯದು. ಆದರೆ ನೀರಿಳಿದ ಮರುದಿನ ಒಂದು ತಪ್ಪು ನಡೆಯುತ್ತದೆ: ಏಳುತ್ತದೋ ನೋಡೋಣವೆಂದು ಬಟನ್ ಒತ್ತುವುದು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಅರ್ಕ್ ಬಂದರಿಗೆ ಕಡಲ ನೀರು ನುಗ್ಗಿಸಿದಾಗ ಅಲ್ಲಿ ನಿಲ್ಲಿಸಿದ್ದ ಫಿಸ್ಕರ್ ಕರ್ಮ ಎಂಬ ಪ್ಲಗ್ ಇನ್ ಹೈಬ್ರಿಡ್‌ಗಳಲ್ಲಿ 16 ಸುಟ್ಟುಹೋದವು. ಎಲ್ಲರೂ ದೊಡ್ಡ ಬ್ಯಾಟರಿಯತ್ತ ಬೆರಳು ತೋರಿಸಿದರು. ಕಂಪನಿಯ ತನಿಖೆ ಹೇಳಿದ್ದು ಬೇರೆಯೇ: ನೀರು ಇಳಿದ ಮೇಲೆ ಉಳಿದ ಉಪ್ಪು 12 ವೋಲ್ಟಿನ ಒಂದು ನಿಯಂತ್ರಣ ಪೆಟ್ಟಿಗೆಯನ್ನು ತಿಂದು ಶಾರ್ಟ್ ಮಾಡಿತ್ತು, ಬೆಂಕಿಯ ಮೂಲ ಅದು. ಶರಾವತಿ, ಅಘನಾಶಿನಿಯ ಅಳಿವೆಯ ಊರುಗಳಲ್ಲಿ ನೆರೆಯ ನೀರು ಸಿಹಿಯೋ ಉಪ್ಪೋ ಎಂದು ಹೇಳುವವರಾರು? ಸೀಟಿನ ಮಟ್ಟಕ್ಕೆ ನೀರು ಬಂದ ಹೈಬ್ರಿಡ್ ಅನ್ನು ಎಬ್ಬಿಸದೆ ಹಾಗೆಯೇ ಲಾರಿಗೆ ಏರಿಸಿ ಕಳಿಸುವುದೇ ಮುನ್ನೆಚ್ಚರಿಕೆ. ಮಳೆಗಾಲಕ್ಕೆ ಮೊದಲು ಕಾರನ್ನು ತಗ್ಗಿನ ಶೆಡ್ಡಿನಿಂದ ಎತ್ತರದ ಜಾಗಕ್ಕೆ ತಂದಿಟ್ಟರೆ ಅದಕ್ಕೆ ಕಾಸೂ ಖರ್ಚಿಲ್ಲ.

ಈಗ ಹಣದ ಲೆಕ್ಕ. ಬ್ಯಾಟರಿಯ ಬೆಲೆ ಕಾರಿನಿಂದ ಕಾರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ನಿಮ್ಮ ಕಾರಿನದನ್ನು ಡೀಲರರಲ್ಲಿ ಕೇಳಿ ಈ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಸದ್ಯಕ್ಕೆ ಕೂಲಿ ಸೇರಿ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಜಾಲರಿ, ಫ್ಯಾನು, ಸಣ್ಣ ಬ್ಯಾಟರಿಯ ಪರೀಕ್ಷೆಗೆ ವರ್ಷಕ್ಕೆ 1,000 ರೂಪಾಯಿಯಂತೆ 12 ವರ್ಷಕ್ಕೆ 12,000. ಇದು 2 ಲಕ್ಷದ ಶೇ 6. ಅಂದರೆ ಈ ಆರೈಕೆಯಿಂದ ನೂರು ಕಾರಿನಲ್ಲಿ ಆರರ ಬ್ಯಾಟರಿಯಾದರೂ ಅಕಾಲದಲ್ಲಿ ಹೋಗುವುದು ತಪ್ಪಿದರೆ ಹಾಕಿದ ಹಣ ಹುಟ್ಟಿತು. ತಪ್ಪದೆ ಬರೀ ಎರಡು ವರ್ಷ ಮುಂದೆ ಹೋಯಿತು ಅನ್ನಿ. ಆಗಲೂ ಆ 2 ಲಕ್ಷ ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಎರಡು ವರ್ಷ ಇದ್ದರೆ 28,980 ರೂಪಾಯಿ ಹುಟ್ಟುತ್ತದೆ, ಖರ್ಚಿನ ಎರಡು ಪಟ್ಟಿಗೂ ಹೆಚ್ಚು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಯಾರಾದರೂ ವರ್ಷಕ್ಕೆ 8,000 ರೂಪಾಯಿಯ ಬ್ಯಾಟರಿ ಪ್ಯಾಕೇಜ್ ಹೊಂದಿಸಿಕೊಟ್ಟರೆ 12 ವರ್ಷಕ್ಕೆ 96,000, ಬ್ಯಾಟರಿಯ ಬೆಲೆಯ ಸುಮಾರು ಅರ್ಧ. ಇದು ಸಾರ್ಥಕವಾಗಬೇಕಾದರೆ ಹೆಚ್ಚುಕಡಿಮೆ ಎರಡರಲ್ಲಿ ಒಂದು ಕಾರಿನ ಬ್ಯಾಟರಿ ಅಕಾಲದಲ್ಲಿ ಸಾಯುವಂತಿರಬೇಕು ಮತ್ತು ಪ್ಯಾಕೇಜ್ ಅದನ್ನು ಪೂರಾ ತಡೆಯಬೇಕು. ಎರಡೂ ನಿಜವಲ್ಲ.

ನಿಜವಲ್ಲವೆಂದಾದರೆ ಅಷ್ಟೊಂದು ಗಟ್ಟಿಯಾದ ಬ್ಯಾಟರಿಗೆ ಸಾವಿರ ರೂಪಾಯಿಯಾದರೂ ಏಕೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಒಳ್ಳೆಯ ಪುರಾವೆಯೇ ಇದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 2011ರಲ್ಲಿ 2 ಲಕ್ಷ ಮೈಲಿ, ಅಂದರೆ 3 ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿದ 2002ರ ಪ್ರಿಯಸ್ ಒಂದನ್ನು ಪರೀಕ್ಷಿಸಿತು. ಮೂಲ ಬ್ಯಾಟರಿಯೇ ಇದ್ದ ಆ ಕಾರು ಗ್ಯಾಲನ್ನಿಗೆ 40.4 ಮೈಲಿ ಕೊಟ್ಟಿತು. ಹತ್ತು ವರ್ಷದ ಹಿಂದೆ ಅದೇ ಮಾದರಿಯ ಹೊಸ ಕಾರು ಕೊಟ್ಟದ್ದು 40.6. ಬ್ಯಾಟರಿಯನ್ನು ಕಂಡು ಹೆದರುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಆದರೆ ಆರೈಕೆ ಬೇಡವೆನ್ನಲು ಸಾಲದು. ಒಂದು ಕಾರು ಒಂದೇ ಕಾರು. ಹತ್ತು ವರ್ಷದಲ್ಲಿ 3 ಲಕ್ಷ ಕಿಲೋಮೀಟರ್ ಎಂದರೆ ದುಬೈ ಟ್ಯಾಕ್ಸಿಯ ಹಾಗೆ ಸದಾ ಓಡಿದ ಕಾರು, ಕಾಯಿಲೆ ಬೀಳಲು ಪುರುಸೊತ್ತಿಲ್ಲದ ಕಾರು. ನಮ್ಮ ಅಂಗಳದ ಕಾರಿನ ಬದುಕು ಹಾಗಲ್ಲ. ಬ್ಯಾಟರಿ ಸ್ವಭಾವತಃ ಗಟ್ಟಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆರೈಕೆಯ ಖರ್ಚು ಕಡಿಮೆಯಿರಬೇಕು ಎನ್ನುವುದಕ್ಕೆ ಅದೇ ಆಧಾರ. ಗಟ್ಟಿಯಾದದ್ದನ್ನು ದೂಳು, ಉಪ್ಪು, ನಿದ್ದೆ ಎಂಬ ಮೂರರಿಂದ ಕಾಪಾಡಿದರಾಯಿತು, ಅದಕ್ಕೆ ಟಾನಿಕ್ ಬೇಡ.

ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದಲ್ಲ ಎಂಬ ಇನ್ನೊಂದು ಮಾತಿದೆ. ಅರ್ಧ ಸತ್ಯ. ಬ್ಯಾಟರಿ ಪೂರ್ತಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಂಪ್ಯೂಟರ್ ನಡುವಿನ ಮಟ್ಟದಲ್ಲೇ ಇಟ್ಟಿರುತ್ತದೆ. ದೀರ್ಘಾಯುಸ್ಸಿನ ದೊಡ್ಡ ಗುಟ್ಟು ಅದೇ, ಚಾಲಕ ಅದಕ್ಕಾಗಿ ಏನೂ ಮಾಡಬೇಕಿಲ್ಲ. ಗೇರುಸೊಪ್ಪ ಘಾಟ್ ಇಳಿಯುವಾಗ ಇದು ಚೆನ್ನಾಗಿ ಕಾಣುತ್ತದೆ. ಜನ ಸೇರಿ 1,600 ಕಿಲೋ ತೂಗುವ ಕಾರು 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 2 ಯೂನಿಟ್ಟಿಗೂ ಹೆಚ್ಚು. ಗಾಳಿ, ಟೈರು ತಿಂದು ಉಳಿದದ್ದೂ ಮುಕ್ಕಾಲು ಯೂನಿಟ್ಟಿನ ಬ್ಯಾಟರಿಗೆ ಹಿಡಿಸುವುದಿಲ್ಲ. ಅರ್ಧ ಘಾಟಿಯಲ್ಲೇ ಬ್ಯಾಟರಿಯ ಗುರುತು ತುಂಬಿ, ಎಂಜಿನ್ ಜೋರಾಗಿ ಸದ್ದು ಮಾಡತೊಡಗುತ್ತದೆ. ಕಾರು ಕೆಟ್ಟಿತೆಂದು ಗಾಬರಿ ಬೇಡ, ಹೆಚ್ಚಿನ ಶಕ್ತಿಯನ್ನು ಕಂಪ್ಯೂಟರ್ ಎಂಜಿನ್ ತಿರುಗಿಸುವುದರಲ್ಲಿ ಕಳೆಯುತ್ತಿದೆ, ಅಷ್ಟೆ. ಆದರೆ ಇದೇ ಇಳಿತದಲ್ಲಿ ಬ್ಯಾಟರಿ ಬಿಸಿಯೂ ಆಗುತ್ತದೆ. ಬಿಸಿಯಾಯಿತೆಂದು ತಿಳಿದು ಫ್ಯಾನಿನ ವೇಗ ಏರಿಸುವುದು ಕಂಪ್ಯೂಟರಿಗೆ ಗೊತ್ತು. ಜಾಲರಿಯ ಕೆಮ್ಮಣ್ಣು ಒರೆಸಲು ಅದಕ್ಕೆ ಕೈಯಿಲ್ಲ.

ಮೂರನೆಯ ಆಕ್ಷೇಪ ವಾರಂಟಿಯದು. ಇದೇ ಎಲ್ಲಕ್ಕಿಂತ ಬಲವಾದದ್ದು. ಟೊಯೋಟಾ, ಮಾರುತಿ, ಹೋಂಡಾ ಮೂವರೂ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಿದ್ದಾರೆ. ಅಷ್ಟರವರೆಗೆ ಕೆಟ್ಟರೆ ಕಂಪನಿಯ ತಲೆನೋವು, ನಾನೇಕೆ ಜಾಲರಿ ಉಜ್ಜಲಿ? ಉತ್ತರ ಎರಡು. ನೆರೆ, ಇಲಿ, ಹೊರಗಿನ ಗ್ಯಾರೇಜಿನವರ ಕೈಚಳಕ, ಸರ್ವಿಸ್ ತಪ್ಪಿಸಿದ ದಾಖಲೆ ಇವು ವಾರಂಟಿಯ ಜಗಳಕ್ಕೆ ದಾರಿಯಾಗುವ ಸಂಗತಿಗಳು, ಷರತ್ತಿನ ಪುಟವನ್ನು ಕಾರು ಕೊಂಡ ದಿನವೇ ಓದಬೇಕು. ಅದಕ್ಕಿಂತ ಮುಖ್ಯವಾದದ್ದು, ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ವಾರಂಟಿ 8ಕ್ಕೆ ಮುಗಿದರೆ ಉಳಿದ 7 ವರ್ಷ ಯಾರದು? ಮೊದಲ ಮಾಲೀಕನದೋ ಅವನಿಂದ ಕೊಂಡವನದೋ ಅಂತೂ ಕಂಪನಿಯದಲ್ಲ. ಮೊದಲ ಎಂಟು ವರ್ಷದ ನಿರ್ಲಕ್ಷ್ಯದ ಬಿಲ್ಲು ಬರುವುದು ಒಂಬತ್ತನೆಯ ವರ್ಷದಲ್ಲಿ. ಬ್ರಿಟನ್ನಿನಲ್ಲಿ ಟೊಯೋಟಾ ಇದಕ್ಕೊಂದು ದಾರಿ ಮಾಡಿದೆ. ವರ್ಷಕ್ಕೊಮ್ಮೆ ಅಧಿಕೃತ ಕೇಂದ್ರದಲ್ಲಿ ಹೈಬ್ರಿಡ್ ಬ್ಯಾಟರಿಯ ಆರೋಗ್ಯ ತಪಾಸಣೆ ಮಾಡಿಸಿದರೆ ಮುಂದಿನ ಒಂದು ವರ್ಷಕ್ಕೆ ಬ್ಯಾಟರಿಯ ಹೊಣೆ ಕಂಪನಿಯದು. ಹೀಗೆ ಕಾರಿಗೆ 15 ವರ್ಷ ತುಂಬುವವರೆಗೆ. ಈ ಯೋಜನೆಯಲ್ಲಿ ನನಗೆ ಕಾಣುವುದು ತಯಾರಕರ ತಪ್ಪೊಪ್ಪಿಗೆಯಂಥ ಒಂದು ಲೆಕ್ಕ. ಒಂದು ತಪಾಸಣೆಯ ಬೆನ್ನಿಗೆ ಇಡೀ ಬ್ಯಾಟರಿಯ ಹೊಣೆ ಹೊರಲು ಕಂಪನಿ ಸಿದ್ಧವೆಂದರೆ, ತಪಾಸಣೆಗೊಳಗಾದ ಬ್ಯಾಟರಿ ಕೆಡುವುದು ಅಪರೂಪ ಎಂಬುದು ಅದಕ್ಕೆ ಖಚಿತ. ತಪಾಸಣೆಯೇ ಬೇಡವೆನ್ನದೆ ಅದನ್ನು ಷರತ್ತಾಗಿಸಿರುವುದರಿಂದ, ನೋಡದೆ ಬಿಟ್ಟ ಬ್ಯಾಟರಿಯ ಮೇಲೆ ಅದಕ್ಕೆ ಅಷ್ಟು ಭರವಸೆಯಿಲ್ಲ ಎಂಬುದೂ ಖಚಿತ.

ಹಾಗಿದ್ದರೆ ಯಾವುದಕ್ಕೆ ಹಣ ಕೊಡಬಾರದು? ಸೆಲ್‌ಗಳಿಗೆ ಮರುಜೀವ ಕೊಡುತ್ತೇವೆಂದು ಹೇಳುವ ಚಿಕಿತ್ಸೆಗಳಿಗೆ, ದೀಪ ಹತ್ತದೆ, ದೂರಿಲ್ಲದೆ ಇದ್ದಾಗ, ಒಂದು ರೂಪಾಯಿಯನ್ನೂ ಕೊಡಬಾರದು. ನಿಕಲ್ ಬ್ಯಾಟರಿಗೆ ಪೂರ್ತಿ ತುಂಬಿ ಪೂರ್ತಿ ಇಳಿಸುವ ಆವರ್ತನದಿಂದ ಒಂದಿಷ್ಟು ಚೇತರಿಕೆ ಬರುವುದುಂಟು, ಲಿಥಿಯಂಗೆ ಆ ಉಪಚಾರದಿಂದ ಲಾಭವೇ ಇಲ್ಲ. ಕೆಟ್ಟ ಒಂದೆರಡು ಸೆಲ್ ತೆಗೆದು ಹಳೆ ಬ್ಯಾಟರಿಯ ಸೆಲ್ ಸೇರಿಸುವ ಅಗ್ಗದ ದುರಸ್ತಿ ಮೊದಲ ನೋಟಕ್ಕೆ ಆಕರ್ಷಕ. ಆದರೆ ಬೇರೆ ಬೇರೆ ವಯಸ್ಸಿನ ಸೆಲ್‌ಗಳ ಸಾಲಿನಲ್ಲಿ ಇಂದು ಒಂದು ಸೋತರೆ ಆರು ತಿಂಗಳಿಗೆ ಇನ್ನೊಂದು, ಮತ್ತೆ ಮತ್ತೆ ಕೂಲಿ. ಮಾರಲೆಂದೇ ಇಟ್ಟ ಕಾರಿಗೆ ಅದು ಲಾಭ, ಇಟ್ಟುಕೊಳ್ಳುವವರಿಗಲ್ಲ. ಇದನ್ನೆಲ್ಲ ಹೇಳುವಾಗ ಬ್ಯಾಟರಿಯಿಂದ ಬರುವ ಆದಾಯವನ್ನೂ ಮರೆಯಬಾರದು. ಸರ್ಕಾರಿ ಪರೀಕ್ಷೆಯ ಅಂಕಿಯಂತೆ ಹೈಕ್ರಾಸ್‌ನ ಹೈಬ್ರಿಡ್ ಲೀಟರಿಗೆ 23.24 ಕಿಲೋಮೀಟರ್, ಅದರದೇ ಬರೀ ಪೆಟ್ರೋಲಿನದು 16.13. ರಸ್ತೆಯಲ್ಲಿ ಎರಡೂ ಇಳಿಯುತ್ತವೆ. ಆದರೂ ವರ್ಷಕ್ಕೆ 15,000 ಕಿಲೋಮೀಟರ್ ಓಡುವವರಿಗೆ ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ಕಾಗದದ ಮೇಲಿನ ಉಳಿತಾಯ 28 ಸಾವಿರದ ಆಸುಪಾಸು. ವರ್ಷಕ್ಕೆ ಅಷ್ಟು ದುಡಿದುಕೊಡುವ ಸಾಮಾನಿಗೆ ಸಾವಿರ ರೂಪಾಯಿಯ ಆರೈಕೆ ಹೆಚ್ಚೆನಿಸಬಾರದು.

ಮತ್ತು ಮಳೆಗೆ ಮೊದಲಿನ ಆರೈಕೆಯನ್ನು ಈ ಕರಾವಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮೇ ತಿಂಗಳಲ್ಲಿ ಮಾಡಿನ ಹಂಚು ಕೈಯಾಡಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ತೆಂಗಿನಗುಂಡಿಯಿಂದ ತದಡಿಯವರೆಗೆ ದೋಣಿ, ಬಲೆ, ಎಂಜಿನ್ನಿನ ದುರಸ್ತಿ ನಡೆಯುತ್ತದೆ. ಹಂಚು ಒಡೆದ ಮೇಲೆ ಮಾಡು ಹತ್ತುವವರನ್ನು ಇಲ್ಲಿ ಯಾರೂ ಜಾಣರೆನ್ನುವುದಿಲ್ಲ. ಹೈಬ್ರಿಡ್ ಕಾರೂ ಆ ಪಟ್ಟಿಗೆ ಸೇರಲಿ.

ಕೊನೆಗೊಂದು ಕೋರಿಕೆ, ಮಾಲೀಕರಿಗೂ ಹಳೆ ಕಾರು ಕೊಳ್ಳುವವರಿಗೂ. ಸರ್ವಿಸಿಗೆ ಬಿಟ್ಟಾಗ ಬ್ಯಾಟರಿ ನೋಡಿದಿರಾ ಎಂದು ಬಾಯಲ್ಲಿ ಕೇಳಿ ಬಿಡಬೇಡಿ. ಗಾಳಿಯ ಜಾಲರಿ ಮತ್ತು ಫ್ಯಾನು ಶುಚಿಮಾಡಿದ್ದು, 12 ವೋಲ್ಟಿನ ಬ್ಯಾಟರಿಯ ಪರೀಕ್ಷೆಯ ಫಲ, ದೊಡ್ಡ ಬ್ಯಾಟರಿಯ ಸೆಲ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸ, ಇಷ್ಟನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಪ್ರತಿ ವರ್ಷದ್ದನ್ನೂ ಕಡತದಲ್ಲಿಡಿ. ಮುಂದೆ ವಾರಂಟಿಯ ವಾದಕ್ಕೂ ಮಾರಾಟದ ಬೆಲೆಗೂ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಎಂಟು ವರ್ಷ ದಾಟಿದ ಹೈಬ್ರಿಡ್ ಮಾರಲು ಬಂದವರು ಆ ಕಾಗದ ತೋರಿಸದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದೇ ಮಾತಿಗೆ ಕೂರಿ.